ಐದನೆಯ ಗರಿ

ಕ್ವಾಲ್ಬದಲ್ಲಿ ಆಗಸ್ಟ್ ಕೊನೆಗೆ
ಗೂಡು ಬಿಟ್ಟ ಫುಲ್ಮಾರ್ ಮರಿಗಳು
ಹಾರಲಾರದಷ್ಟು ಕೊಬ್ಬಿ
ನೀರ ಮೇಲೆ ಸುಮ್ಮನೆ ಕೂತಿರುತ್ತವೆ.
ಕಡಲ ಕುದುರೆ ಅನ್ನುತ್ತಾರೆ ಇಲ್ಲಿ ಇದಕ್ಕೆ.
ಹೆರ್ಗೇರ್ ದೋಣಿ ನಿಧಾನಿಸಿ
ಉದ್ದ ಕೋಲಿನ ಬಲೆ ಚಾಚಿ
ಎಣ್ಣೆಯಿಂದ ಜಾಲರಿ ಸೌಟು ಎತ್ತಿದ ಹಾಗೆ
ಒಂದೊಂದೇ ಎತ್ತುತ್ತಾನೆ.

ನನ್ನ ಕೆಲಸ ಆಮೇಲಿನದು.
ಅವನ ಅಡುಗೆಮನೆಯ ಕಟ್ಟೆಯ ಮೇಲೆ
ಪ್ರತಿ ಹಕ್ಕಿಯಿಂದ ಒಂದು ಚೂರು ಈಲಿ, ಒಂದು ಮೂತ್ರಪಿಂಡ,
ಎಡರೆಕ್ಕೆಯ ಐದನೆಯ ಗರಿ.
ಲಕೋಟೆ. ತಾರೀಖು. ಜಾತಿ. ತಿಂದದ್ದು.
ಪೆನ್ಸಿಲಲ್ಲೇ ಬರೆಯಬೇಕು,
ಹಕ್ಕಿಯೆಣ್ಣೆ ತಾಕಿದರೆ ಶಾಯಿ ನಿಲ್ಲುವುದಿಲ್ಲ.

ಹೊಟ್ಟೆ ಸೀಳಿದರೆ ಮೊದಲು ವಾಸನೆ,
ಆಮೇಲೆ ಬೊಂಡಾಸದ ಕೊಕ್ಕು, ಕಪ್ಪು ಉಗುರಿನಂಥದು,
ಸಿಗಡಿಯ ಕಣ್ಣು,
ಟ್ರಾಲರಿನವರು ಬಿಸಾಕಿದ ಕರುಳು.
ಬೊಂಡಾಸ ತಂದ ಕ್ಯಾಡ್ಮಿಯಂ
ಮೂತ್ರಪಿಂಡದಲ್ಲಿ ಮನೆ ಮಾಡುತ್ತದೆ.
ಆಳದ ಮೀನಿನ ಪಾದರಸ
ಬೆಳೆಯುವ ಗರಿಯೊಳಗೆ ಏರುತ್ತದೆ.
ಈ ಮರಿ ಇನ್ನೂ ಒಂದು ಮೀನನ್ನೂ ತಾನಾಗಿ ಹಿಡಿದಿಲ್ಲ.
ಇದರಲ್ಲಿ ಇರುವುದೆಲ್ಲ
ಅಪ್ಪ ಅಮ್ಮ ದಿನಗಟ್ಟಲೆ ಹಾರಿ
ತಂದಿಟ್ಟ ಗುಟುಕು.
ಉಪ್ಪು ತಿಂದವರು ನೀರು ಕುಡಿಯಬೇಕು, ಸರಿ.
ತಿನ್ನಿಸಿಕೊಂಡವರು?

ಬಾಗಿಲಿಗೆ ಒರಗಿ ನಿಂತಿದ್ದಳು ರಾನ್ವಾ,
ಹೆರ್ಗೇರನ ಮಗಳು. ಏಳು ತಿಂಗಳು.
ಬಯಕೆ ಅಂದರೆ ಇದೊಂದೇ ಅವಳಿಗೆ,
ಉಪ್ಪಲ್ಲಿಟ್ಟು ಬೇಯಿಸಿದ ಹಕ್ಕಿ, ಜೊತೆಗೆ ಆಲೂಗಡ್ಡೆ,
ಅಜ್ಜಿಯ ಪಾತ್ರೆಯಲ್ಲೇ ಆಗಬೇಕು.
ಫ್ರಿಜ್ಜಿನ ಮೇಲೆ ದಾದಿ ಕೊಟ್ಟ ಕಾಗದ,
ತಿನ್ನಬಾರದ್ದರ ಪಟ್ಟಿ,
ಹಕ್ಕಿಯಾಕಾರದ ಅಯಸ್ಕಾಂತ ಅದನ್ನು ಹಿಡಿದಿತ್ತು.

‘ಇವುಗಳ ತಾಯಿ ಏನು ಮಾಡುತ್ತೆ,
ಮೈಯಲ್ಲಿ ಸೇರಿದ್ದನ್ನು?’
ಗರಿಗೆ ದಾಟಿಸುತ್ತೆ, ಅಂದೆ.
ಆಮೇಲೆ ಗರಿ ಉದುರಿಸುತ್ತೆ, ವರ್ಷ ವರ್ಷ.
‘ಮತ್ತೆ?’
ನಾನು ಪೆನ್ಸಿಲ್ ಹೆರೆಯುತ್ತ ಕೂತೆ.
‘ಮತ್ತೆ?’
ಮೊಟ್ಟೆಗೆ, ಅಂದೆ. ಒಂದಿಷ್ಟು ಮೊಟ್ಟೆಗೆ.

‘ಅರವತ್ತು ವರ್ಷ ತಿಂದವನು ನಾನು’
ಎಂದ ಹೆರ್ಗೇರ್, ಯಾರೂ ಕೇಳದಿದ್ದರೂ.
‘ನೋಡು, ಬಲೆ ಎತ್ತುತ್ತೇನೆ.’
ಎತ್ತಿ ತೋರಿಸಿದ.
ಕೈ ನಡುಗಲಿಲ್ಲ. ನಾವು ನೋಡಿದೆವು,
ಅದು ನಡುಗದೆ ಇರುವುದನ್ನೇ
ಸ್ವಲ್ಪ ಹೆಚ್ಚು ಹೊತ್ತು ನೋಡಿದೆವು.

ಆಗ ರಾನ್ವಾ ನನ್ನ ಕತ್ತರಿ ತೆಗೆದುಕೊಂಡು
ಕಿವಿಯ ಹಿಂದಿನ ಕೂದಲೆಳೆ ಕತ್ತರಿಸಿ
ಖಾಲಿ ಲಕೋಟೆಗೆ ಹಾಕಿ
ಪೆನ್ಸಿಲ್‌ಗೆ ಕೈ ಚಾಚಿದಳು.
ತಾರೀಖು ಬರೆದಳು.
ಜಾತಿ ಎಂಬಲ್ಲಿ ತಡೆದು, ನಕ್ಕು,
ಹಾಗೇ ಬಿಟ್ಟಳು.
ತಿಂದದ್ದು ಎಂಬಲ್ಲಿ
ದುಂಡಗೆ, ಶಾಲೆಯ ಅಕ್ಷರದಲ್ಲಿ:
ಅಪ್ಪ ತಂದದ್ದು.

ಹೆರ್ಗೇರ್ ಕನ್ನಡಕ ಹುಡುಕಿ ಹಾಕಿಕೊಂಡು ಓದಿದ.
ಆಮೇಲೆ ಹೊರಗೆ ಹೋಗಿ
ಬಲೆ ತೊಳೆಯತೊಡಗಿದ,
ಆಗಲೇ ತೊಳೆದಿಟ್ಟ ಬಲೆ.