ಜಾಡಿ ಒರೆಸುವ ಶನಿವಾರ

ಪರೀಕ್ಷೆ ಮುಗಿದ ಶನಿವಾರ
ಬಿ.ಎಚ್. ರಸ್ತೆಯ ಧೂಳು ಕೂತ ಕಪಾಟು ತೆರೆದು
ಜಾಡಿ ಒರೆಸುತ್ತಾರೆ ಇನಾಸಪ್ಪ.
ಮೀನು, ಕಪ್ಪೆ, ಹಲ್ಲಿ, ಬಾವಲಿ.
ಮೂವತ್ತು ವರ್ಷದಿಂದ ಸಾಲು ತಪ್ಪಿಸಿಲ್ಲ,
ಸಾಲನ್ನು ನಂಬಿಯೂ ಇಲ್ಲ.

"ಐದನೇ ದಿನ ಮೀನು, ಹಕ್ಕಿ.
ಆರನೇ ದಿನ ಮಿಕ್ಕಿದ್ದು.
ನಿಮ್ಮ ಕೋಟಿ ವರ್ಷ ಯಾರು ಕೂತು ಎಣಿಸಿದ್ದು ಮೇಡಂ?"

ಬಾವಲಿಯ ರೆಕ್ಕೆಯನ್ನು ಟ್ಯೂಬ್‌ಲೈಟಿಗೆ ಹಿಡಿದೆ.
ನೋಡಿ, ಇದು ತೋಳು, ಇದು ಮಣಿಕಟ್ಟು,
ಇವು ಬೆರಳು, ಐದು.
ಪಕ್ಕದಲ್ಲಿ ನನ್ನ ಕೈ.
ಒಂದೇ ವಂಶ, ಗೊತ್ತಾಯಿತಾ?

"ಒಬ್ಬನೇ ಬಡಗಿ ಅಂತಾಯ್ತು.
ನಮ್ಮಪ್ಪ ಮಾಡಿದ ಕುರ್ಚಿ, ತೊಟ್ಟಿಲು, ಶವಪೆಟ್ಟಿಗೆ
ಎಲ್ಲಕ್ಕೂ ಒಂದೇ ನಮೂನೆ ಕೀಲು.
ಹಂಗಂತ ಕುರ್ಚಿಗೆ ತೊಟ್ಟಿಲು ಹುಟ್ಟಿತ್ತಾ?"

ಕುರ್ಚಿ ಮರಿ ಹಾಕುವುದಿಲ್ಲ ಇನಾಸಪ್ಪ,
ಅದೇ ವ್ಯತ್ಯಾಸ—
ಎನ್ನುವಷ್ಟರಲ್ಲಿ ಅವರೂ ಕೈಯೆತ್ತಿ
ರೆಕ್ಕೆಯ ಮಗ್ಗುಲಿಗೆ ಹಿಡಿದರು.
ನಾಲ್ಕೇ ಇದ್ದವು.
ತೀರ್ಥಹಳ್ಳಿಯ ಸಾಮಿಲ್ಲು, ಹದಿನೇಳನೇ ವಯಸ್ಸು.

ಹಲ್ಲಿಯ ಜಾಡಿಯನ್ನು ಮೆಲ್ಲಗೆ ತಿರುಗಿಸಿದರು.
ನಡುವಿನಿಂದಾಚೆ ಬಣ್ಣ ಬೇರೆ:
ಕಡಿದಲ್ಲಿಂದ ಮತ್ತೆ ಬೆಳೆದ ಬಾಲ.

"ಇದಕ್ಕೆ ಕೊಟ್ಟವನು ನನಗೆ ಯಾಕೆ ಕೊಡಲಿಲ್ಲ ಅಂತ
ಪಾದ್ರಿಗಳನ್ನ ಕೇಳಿದ್ದೆ.
ಪ್ರಾರ್ಥನೆ ಮಾಡು ಅಂದ್ರು.
ನೀವು ಹೇಳಿ,
ನಿಮ್ಮ ಕೋಟಿ ವರ್ಷಕ್ಕೂ ನೆನಪಾಗಲಿಲ್ವಾ?"

ನನ್ನ ಪುಸ್ತಕದಲ್ಲಿ ಇದಕ್ಕೊಂದು ಪ್ಯಾರಾ ಇದೆ.
ಓದಿ ಹೇಳಲಿಲ್ಲ.
ಫಾರ್ಮಲಿನ್ನಿಗೆ ಇಬ್ಬರ ಕಣ್ಣೂ ಉರಿಯುತ್ತಿತ್ತು.

ಮುಚ್ಚಳಕ್ಕೆ ಮೇಣ ಹಚ್ಚಿ
ನಾಲ್ಕು ಬೆರಳಲ್ಲಿ ಬಿಗಿಯಾಗಿ ಒತ್ತಿ
ಹಲ್ಲಿಯನ್ನು ಅದರ ಜಾಗಕ್ಕೇ ಇಟ್ಟರು,
ಕಪ್ಪೆಯಿಂದ ಆಚೆ,
ಬಾವಲಿಯಿಂದ ಈಚೆ.