ಉಳಿಕೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಇಪ್ಪತ್ತೆರಡು ವರ್ಷ ತೂಕ ಬರೆದವನು ನಾನು.
ರೇಟು ಏರಿದ ದಿನ ಎಲ್ಲರೂ ಜಾಣರೇ:
ಒಬ್ಬ ಸೊಪ್ಪು ಅಂದ, ಒಬ್ಬ ಮೊಟ್ಟೆ ಅಂದ,
ಮಿಕ್ಕವರು ಕೈಗುಣ ಅಂದರು.
ಚೀನಾದ ನೂಲು ಬಂದರಿನಲ್ಲೇ ನಿಂತಿದೆ ಅಂತ
ಯಾರೂ ಅನ್ನಲಿಲ್ಲ.

ನಿವೃತ್ತಿಯ ದುಡ್ಡು ಶೇರಿಗೆ ಹಾಕಿದೆ.
ಆರು ವರ್ಷ, ವರ್ಷಕ್ಕೆ ನೂರಕ್ಕೆ ಹದಿನೆಂಟು.
ಟೀ ಅಂಗಡಿಯಲ್ಲಿ ನನ್ನ ಮಾತಿಗೂ ತೂಕ ಬಂತು.

ರೀಲರ್ ಅಮಾನುಲ್ಲನ ಮಗಳು ತರನ್ನುಮ್,
ಸಂಖ್ಯಾಶಾಸ್ತ್ರ ಓದಿದವಳು,
ಜಗಲಿಯಲ್ಲಿ ಕೂತು ನನ್ನ ಪಟ್ಟಿಯನ್ನು
ಬಿಸಿನೀರಲ್ಲಿ ಗೂಡು ಬಿಚ್ಚಿದ ಹಾಗೆ ಎಳೆ ಎಳೆದಳು.
"ಹದಿಮೂರು ಪೇಟೆಯದು, ಮಾಮ,
ಕಣ್ಣು ಮುಚ್ಚಿ ಕೊಂಡವನಿಗೂ ಸಿಕ್ಕಿದ್ದು.
ಸಣ್ಣ ಕಂಪನಿಗಳನ್ನು ಹಿಡಿದಿದ್ದಕ್ಕೆ ಮೂರು.
ಯಾರೂ ಮುಟ್ಟದ ಅಗ್ಗದ ಮಾಲಿಗೆ ಎರಡೂವರೆ.
ಏರುತ್ತಿದ್ದುದರ ಬಾಲ ಹಿಡಿದಿರಲ್ಲ, ಅದಕ್ಕೊಂದು."

ಬೆರಳು ಮಡಿಸಿ ಕೂಡಿದೆ. ಹತ್ತೊಂಬತ್ತೂವರೆ.
"ಮತ್ತೆ ನನ್ನದು?"
ಪೆನ್ಸಿಲ್ ಕಚ್ಚಿದಳು.
"ಒಂದೂವರೆ. ಕಳೆಯಬೇಕು."

ನೂಲೆಲ್ಲ ರಾಟೆಗೆ ಹೋದ ಮೇಲೆ
ಬಾಣಲೆಯಲ್ಲಿ ಉಳಿಯುತ್ತದಲ್ಲ ಹುಳ, ಬೆತ್ತಲೆ,
ಗೂಡು ಕಟ್ಟಿದ್ದು ತಾನೇ ಎಂದು ನಂಬಿದ್ದು.

ಆ ಮಾರ್ಚಿಯಲ್ಲಿ ಎಲ್ಲ ಕುಸಿದಾಗ
ನಾನೊಬ್ಬ ಮಾರಲಿಲ್ಲ, ಅಂದೆ.
ಎರಡೂ ಕಣ್ಣಿನ ಪೊರೆ ತೆಗೆಸಿ
ಕಪ್ಪು ಕನ್ನಡಕದಲ್ಲಿ ಮಲಗಿದ್ದೆ,
ಪರದೆ ಕಾಣುತ್ತಿರಲಿಲ್ಲ, ಅನ್ನಲಿಲ್ಲ.
ಅವಳಿಗೆ ಗೊತ್ತು. ಹನಿ ಔಷಧಿ ಹಾಕುತ್ತಿದ್ದವಳು ಅವರಮ್ಮ.

ಇವತ್ತು ಟೀ ಅಂಗಡಿಯಲ್ಲಿ ಯಾರೋ ಕೇಳಿದರು:
"ಈಗ ಯಾವುದು ತಗೊಳ್ಳೋದು, ಸಾರ್?"
ಲೋಟದ ಕೆನೆ ಊದುತ್ತಾ
ಗೂಡಿನ ರೇಟು ವಿಚಾರಿಸಿದೆ.