ಎಂದರೂ, ಎಂದರೆ

ಕ್ಲೆಮ್ ಹೆನೆಸಿ ಟೌನ್ಸ್‌ವಿಲ್‌ನಲ್ಲಿ ಮೂವತ್ತೊಂದು ವರ್ಷ
ಮನೆಗಳಿಗೆ ತಗಡು ಹೊದಿಸಿದ.
ಊರಿಗೆಲ್ಲ ನೆರಳು, ಅವನ ಬೆನ್ನಿಗೆ ಬಿಸಿಲು.
ಮೂಗಿಗೆ ಮಾತ್ರ ಬಿಳಿ ಸತುವಿನ ಮುಲಾಮು,
ಅದೂ ಬೆರಿಲ್ ಬೈದರೆ.

ಎಡ ಹೆಗಲ ಹಿಂದೆ, ಬನಿಯನ್ನು ಮುಗಿಯುವಲ್ಲಿ,
ಕನ್ನಡಿಗೆ ಸಿಗದ ಜಾಗದಲ್ಲಿ ಒಂದು ಮಚ್ಚೆ.
ಅಂಚು ಹರಿದಿತ್ತು.
ಮೊಳೆ ತಾಗಿರಬೇಕು ಎಂದಿದ್ದ.

ಈಗ ಅವನಿಲ್ಲ.
ಬ್ರಿಸ್ಬೇನಿನ ಒಂದು ಲ್ಯಾಬಿನಲ್ಲಿ,
ಮೂವತ್ತೇಳು ಡಿಗ್ರಿಯ ಪೆಟ್ಟಿಗೆಯಲ್ಲಿ, ಗುಲಾಬಿ ದ್ರವದೊಳಗೆ
ಹದಿನೆಂಟು ತಿಂಗಳಿಂದ
ಅವನದೊಂದು ಚೂರು ಬೆಳೆಯುತ್ತಲೇ ಇದೆ.
ಸಾಕು ಎಂದರೂ.
ಜಾಗವಿಲ್ಲ ಎಂದರೂ.
ನೀನಿದ್ದ ಮೈಯೇ ಮಣ್ಣಾಯಿತು ಎಂದರೂ.
ಆ ಕೋಶಕ್ಕೆ ಗೊತ್ತಿರುವ ವ್ಯಾಕರಣವೆಲ್ಲ ಒಂದು ‘ರೂ’.

ಥುಯ್ ಆನ್ ಅದರೊಳಗೊಂದು ‘ರೆ’ ಕೂರಿಸಲು ಹೊರಟಿದ್ದಾಳೆ.
ವಂಶವಾಹಿಯ ಅಕ್ಷರಗಳಲ್ಲೇ ಹೆಣೆದ ಪುಟ್ಟ ಸರ್ಕಿಟ್ಟು:
ಈ ಗುರುತು ಇದ್ದರೆ,
ಆ ಗುರುತೂ ಇದ್ದರೆ,
ಎರಡೂ ಒಟ್ಟಿಗೇ ಇದ್ದರೆ ಮಾತ್ರ
ಸ್ವಿಚ್ಚು ಬೀಳಲಿ, ತಡೆಯುವ ಪ್ರೋಟೀನು ಹುಟ್ಟಲಿ.
ಒಂದೇ ಇದ್ದರೆ ಸುಮ್ಮನಿರು.
ಪಕ್ಕದ ಒಳ್ಳೆಯ ಚರ್ಮ ತನ್ನ ಪಾಡಿಗೆ
ಕಂದಲಿ, ಸುಲಿಯಲಿ, ಮತ್ತೆ ಕೂಡಲಿ.

ಆರು ಸಲ ಕೆಟ್ಟಿತು.
ಒಮ್ಮೆ ಸ್ವಿಚ್ಚು ಬೀಳಲೇ ಇಲ್ಲ.
ಒಮ್ಮೆ ಕಂಡಕಂಡದ್ದಕ್ಕೆಲ್ಲ ಬಿದ್ದು ಒಳ್ಳೆಯವೂ ಸೊರಗಿದವು.
ಒಮ್ಮೆ ತಪ್ಪು ಅವಳದೇ: ಬೆಳಗಿನ ಜಾವ, ಅದಲುಬದಲಾದ ಲೇಬಲ್ಲು,
ತೊಟ್ಟಿಗೆ ಸುರಿದ ಮೂರು ವಾರ.

ಏಳನೆಯದಕ್ಕೆ
ಮಂಗಳವಾರದ ಎಣಿಕೆಯೂ ಗುರುವಾರದ ಎಣಿಕೆಯೂ
ಹೆಚ್ಚುಕಡಿಮೆ ಒಂದೇ.
ಅವಳು ಮತ್ತೆ ಎಣಿಸಿದಳು. ಕನ್ನಡಕ ಒರೆಸಿ ಮತ್ತೆ.
ಸತ್ತಿಲ್ಲ, ನಿಂತಿವೆ,
ಏಣಿಯ ನಡುವೆ ಯಾರೋ ಕೂಗಿದಂತಾಗಿ
ಕೆಳಗೆ ನೋಡುವವನ ಹಾಗೆ.

ಇದು ತಟ್ಟೆಯ ಮಾತು, ಮೈಯ ಮಾತಲ್ಲ.
ಮೈಗೆ ಹೋಗಲು ಇನ್ನೆಷ್ಟು ‘ರೆ’ ದಾಟಬೇಕೋ
ಅವಳೇ ಬಲ್ಲಳು; ಅದಕ್ಕೇ
ಯಾರಿಗೂ ಹೇಳದೆ ಒಂದು ಕಿತ್ತಳೆ ಸುಲಿದು ತಿಂದಳು.

ತಿಂಗಳಿಗೊಮ್ಮೆ ಬೆರಿಲ್ ಫೋನು ಮಾಡುತ್ತಾಳೆ.
ಹವೆ, ಮಂಡಿನೋವು, ಹಿತ್ತಲಿಗೆ ಬರುವ ಬಾವಲಿಗಳು,
ಆಮೇಲೆ ಅದೊಂದು ಪ್ರಶ್ನೆ. ಬೆಳೆಯುತ್ತಿದೆಯಾ ಎಂದಲ್ಲ,
“ಇನ್ನೂ ಬೆಳೆಯುತ್ತಿದ್ದಾನಾ?”

ಇಲ್ಲ, ಎಂದಳು ಥುಯ್ ಆನ್. ಗುರುವಾರದಿಂದ ಇಲ್ಲ.

ಆ ಕಡೆ ತಗಡಿನ ಮೇಲೆ ದಡ್ಡೆಂದು ಏನೋ,
ಮಾವಿನಹಣ್ಣು ಬಿದ್ದಿರಬೇಕು.
ಬಹಳ ಹೊತ್ತಿನ ಮೇಲೆ ಬೆರಿಲ್ ದನಿ:
“ನಾನು ಇಳಿದು ಬಾ ಎಂದರೂ
ಒಂದು ದಿನ ಇಳಿದವನಲ್ಲ.
ನೀನೆಂದರೆ ನಿಂತನಾ?”